ಹುಳದ ಮನೆಯ ಜಗುಲಿಯಲ್ಲಿ ನಾನೂ ನನ್ನ ಚೀಲವೂ

ಆಪರೇಷನ್ನಿನ ಹಿಂದಿನ ದಿನ ಸಿಸ್ಟರ್ ಒಬ್ಬರು ಬಂದು, "ಅಮ್ಮ, ಲಂಗದ ಲಾಡಿ ಎಲ್ಲಿಗೆ ಕಟ್ತೀರ, ತೋರಿಸಿ" ಎಂದರು. ನನಗೆ ಸಿಟ್ಟು ಬಂತು. ಬೆಳಿಗ್ಗೆಯಿಂದ ಭೇದಿಯ ಪುಡಿ ಕಲಸಿದ ನೀರನ್ನು ಚೊಂಬುಗಟ್ಟಲೆ ಕುಡಿಸಿ, ಮಂಚಕ್ಕೂ ಕಕ್ಕಸಿಗೂ ಓಡಾಡಿಸಿ ಸುಸ್ತು ಮಾಡಿದ್ದು ಸಾಲದೆ ಈಗ ಲಂಗದ ಲಾಡಿಯ ವಿಚಾರಣೆ. ಆದರೂ ತೋರಿಸಿದೆ. ಕೂತ್ಕೊಳ್ಳಿ ಅಂದರು, ಕೂತೆ. ಬಗ್ಗಿ ಅಂದರು, ಬಗ್ಗಿದೆ. "ಮನೇಲಿ ಕೆಲಸ ಮಾಡೋವಾಗ ಹೇಗೆ ಕೂತ್ಕೋತೀರ?" ಅಂದಾಗ ಮಂಚದಿಂದ ಇಳಿದು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ತೋರಿಸಿದೆ. ಅವರೂ ನನ್ನೆದುರು ಹಾಗೆಯೇ ಕೂತರು. ಹೊಕ್ಕುಳಿನ ಬಲಗಡೆ, ಒಂದಿಷ್ಟು ಕೆಳಗೆ, ಪೆನ್ನಿನಿಂದ ಒಂದು ಗುಂಡನೆಯ ಗುರುತು ಹಾಕಿದರು.

"ಚೀಲ ಇಲ್ಲಿ ಬರುತ್ತೆ. ಹೊಟ್ಟೆಯ ಮಡಿಕೆಯೊಳಗೆ ಬಂದರೆ ಅಂಟಲ್ಲ, ಲಾಡಿ ಕೆಳಗೆ ಬಂದರೆ ಒತ್ತುತ್ತೆ. ಅದಕ್ಕೇ ಇಷ್ಟೆಲ್ಲ ಕೇಳಿದ್ದು" ಎಂದರು. ನನ್ನ ಸಿಟ್ಟು ಎಲ್ಲಿ ಹೋಯಿತೋ. ಆ ಗುರುತಿನ ಮೇಲೆ ಕೈಯಿಟ್ಟುಕೊಂಡು ಮಂಚದ ಮೇಲೆ ಸುಮ್ಮನೆ ಮಲಗಿದೆ. ಹೆದರಿಕೆಯಾಗಿತ್ತು, ಅಷ್ಟೇ.

ನಮ್ಮದು ಚನ್ನಪಟ್ಟಣದ ಹತ್ತಿರ ಹೊಂಗನೂರು. ಹಿಪ್ಪುನೇರಳೆ ತೋಟ ಮತ್ತು ರಾಮನಗರದ ಗೂಡಿನ ಮಾರುಕಟ್ಟೆ ನಮ್ಮ ಯಜಮಾನರ ಪಾಲು. ರೇಷ್ಮೆ ಹುಳು ಮೇಯಿಸುವ ಹುಳದ ಮನೆ ಅತ್ತೆಯದು ಮತ್ತು ನನ್ನದು. ಮದುವೆಯಾಗಿ ಬಂದಾಗ ಬಿ.ಎ. ಮಾಡಿದ ಸೊಸೆ ಹುಳ ಮುಟ್ಟುತ್ತಾಳೋ ಇಲ್ಲವೋ ಅಂತ ಊರೆಲ್ಲ ಮಾತಾಡಿತ್ತಂತೆ. ನಾನು ಮುಟ್ಟಿದ್ದೇನು, ಆ ಮನೆಯ ಯಜಮಾನಿಕೆಯನ್ನೇ ಅತ್ತೆಯ ಕೈಯಿಂದ ಅರ್ಧ ಕಿತ್ತುಕೊಂಡೆ. ಹುಳದ ಮನೆಗೆ ಅದರದೇ ಕಟ್ಟಳೆಗಳಿವೆ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಲ್ಲಿ ಕಾಲು ಅದ್ದಿ, ಕೈ ತೊಳೆದು ಒಳಗೆ ಹೋಗಬೇಕು. ಸೆಂಟು, ಬೀಡಿ, ಹೊಗೆಸೊಪ್ಪು, ಮೀನು, ಯಾವ ವಾಸನೆಯೂ ಕೂಡದು. ಹೊರಗಿನವರು ಬರಕೂಡದು. ಈ ವಿಷಯದಲ್ಲಿ ನಾನು ಅತ್ತೆಗಿಂತ ಜೋರು. ಮೈಸೂರು ಮಲ್ಲಿಗೆ ಮುಡಿದು ಬಂದಿದ್ದ ಸ್ವಂತ ತಂಗಿಯನ್ನೇ ಬಾಗಿಲಿಂದ ವಾಪಸು ಕಳಿಸಿದವಳು.

ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿ ಅಂದುಕೊಂಡು ಒಂದಷ್ಟು ಕಾಲ ಯಾರ್ಯಾರೋ ಹೇಳಿದ ಔಷಧಿ ಕುಡಿದೆ. ಈ ಹುಳದ ಬೆಳೆ ಮುಗಿಯಲಿ, ಆಮೇಲೆ ನೋಡೋಣ ಅನ್ನುತ್ತ ಬೆಳೆಯ ಮೇಲೆ ಬೆಳೆ ತೆಗೆದೆವು. ಕಡೆಗೆ ರಾಮನಗರದ ಡಾಕ್ಟರೊಬ್ಬರು ಬೆರಳಿಟ್ಟು ನೋಡಿ, ಮುಖ ಗಂಭೀರ ಮಾಡಿಕೊಂಡು ಬೆಂಗಳೂರಿಗೆ ಚೀಟಿ ಬರೆದರು. ಅಲ್ಲಿ ಕ್ಯಾಮೆರಾ ಹಾಕಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಗುದನಾಳದಲ್ಲಿ ಗಡ್ಡೆ. ಕೆಟ್ಟದ್ದೇ, ಆದರೆ ಬೇಗ ಸಿಕ್ಕಿದೆ, ಆಪರೇಷನ್ ಮಾಡಿದರೆ ಹೋಗುತ್ತದೆ ಎಂದರು.

ಸರ್ಜನ್ ನನ್ನದೇ ವಯಸ್ಸಿನ ಹೆಂಗಸು. ಸುತ್ತಿ ಬಳಸಿ ಮಾತಾಡುವವರಲ್ಲ, ಅದು ನನಗೆ ಹಿಡಿಸಿತು. "ಗಡ್ಡೆ ಇರೋ ಭಾಗ ಕತ್ತರಿಸಿ ಎರಡು ತುದಿ ಜೋಡಿಸ್ತೀವಿ. ಜೋಡಿಸಿದ ಜಾಗ ಮಾಯೋವರೆಗೂ ಆ ದಾರಿ ಬಂದ್. ಅದಕ್ಕೇ ಸಣ್ಣ ಕರುಳನ್ನ ಸ್ವಲ್ಪ ಹೊಟ್ಟೆಯಿಂದ ಹೊರಗೆ ತಂದು ಚೀಲ ಅಂಟಿಸ್ತೀವಿ. ಮಾಯ್ದ ಮೇಲೆ ಇನ್ನೊಂದು ಸಣ್ಣ ಆಪರೇಷನ್ ಮಾಡಿ ಮುಚ್ತೀವಿ" ಎಂದರು.

"ಮುಚ್ಚೋದು ಗ್ಯಾರಂಟೀನಾ ಮೇಡಂ?"

"ಹೆಚ್ಚಿನವರಿಗೆ ಮುಚ್ತೀವಿ. ಗ್ಯಾರಂಟಿ ಅಂತ ನಾನು ಯಾವತ್ತೂ ಹೇಳಲ್ಲ."

ಅಲ್ಲಿಂದಾಚೆಗೆ ನನ್ನ ತಲೆಯಲ್ಲಿ ಉಳಿದದ್ದು ಒಂದೇ ಮಾತು, ಚೀಲ. ಕ್ಯಾನ್ಸರ್ ಅನ್ನುವುದು ನನಗೆ ಕಾಣದ ವಸ್ತು, ಅದನ್ನು ಅವರು ನೋಡಿಕೊಳ್ಳಲಿ. ಚೀಲ ಮಾತ್ರ ನನ್ನ ಮೈಮೇಲೆ ಇರುವಂಥದ್ದು. ಮಲದ ಚೀಲ ಹೊತ್ತುಕೊಂಡು ನಾನು ಹುಳದ ಮನೆಗೆ ಹೇಗೆ ಹೋಗಲಿ? ಅದು ಹೋಗಬೇಕು, ನಾನು ಒಳಗೆ ಹೋಗಬೇಕು. ದೇವರಲ್ಲಿ ಬೇರೇನನ್ನೂ ಕೇಳಲಿಲ್ಲ.

ಆಪರೇಷನ್ ಎಷ್ಟು ಹೊತ್ತು ನಡೆಯಿತೋ ನನಗೆ ಗೊತ್ತಿಲ್ಲ. ಗೊತ್ತಿದ್ದವರು ಹೊರಗೆ ಕುರ್ಚಿಯ ಮೇಲೆ ಕೂತಿದ್ದ ನಮ್ಮ ಯಜಮಾನರು, ಅವರು ಇವತ್ತಿಗೂ ಅದರ ಬಗ್ಗೆ ಮಾತಾಡುವುದಿಲ್ಲ. ಎಚ್ಚರವಾದಾಗ ಗಂಟಲು ಒಣಗಿ ಹಪ್ಪಳವಾಗಿತ್ತು. ಮೂತ್ರಕ್ಕೆ ಒಂದು ನಳಿಕೆ, ಹೊಟ್ಟೆಯಿಂದ ಕೆಂಪು ನೀರು ಬಸಿಯಲು ಇನ್ನೊಂದು ನಳಿಕೆ, ಕೈಗೆ ಡ್ರಿಪ್ಪು, ಕಾಲಿಗೆ ರಕ್ತ ಹೆಪ್ಪುಗಟ್ಟದಿರಲೆಂದು ಬಿಗಿಯಾದ ಉದ್ದನೆಯ ಕಾಲುಚೀಲ. ಹೊಟ್ಟೆಯನ್ನು ಉದ್ದಕ್ಕೆ ಕೊಯ್ದಿರುತ್ತಾರೆ ಅಂದುಕೊಂಡಿದ್ದೆ. ನೋಡಿದರೆ ನಾಲ್ಕೈದು ಸಣ್ಣ ತೂತು, ಕೆಳಗೊಂದು ಗೇಣಿಗಿಂತ ಚಿಕ್ಕ ಗಾಯ. ನೋವು ಇತ್ತು, ಆದರೆ ಕೇಳಿದರೆ ಔಷಧಿ ಕೊಡುತ್ತಿದ್ದರು. ಕೇಳದೆ ಹಲ್ಲು ಕಚ್ಚಿಕೊಂಡು ಮಲಗಿದ್ದಕ್ಕೆ ಸಿಸ್ಟರ್ ಗದರಿದರು. ನೋವಿದ್ದರೆ ಉಸಿರು ಪೂರ್ತಿ ಎಳೆಯುವುದಿಲ್ಲ, ಉಸಿರು ಎಳೆಯದಿದ್ದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಆಗ ಇನ್ನೊಂದು ರಗಳೆ ಎಂದರು. ಮೂರು ಚೆಂಡಿರುವ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು, ನಳಿಕೆ ಬಾಯಲ್ಲಿಟ್ಟು ಎಳೆದು ಚೆಂಡು ಮೇಲಕ್ಕೆ ಎತ್ತಿ ಎಂದರು. ಜೋರಾಗಿ ಮಾತಾಡಿ ಪಳಗಿದ ನನಗೂ ಒಂದು ಚೆಂಡು ಎತ್ತುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು.

ಮಾರನೆಯ ದಿನವೇ ಎಬ್ಬಿಸಿ ನಡೆಸಿದರು. ಹೊಲಿಗೆ ಬಿಚ್ಚಿಕೊಳ್ಳುತ್ತದೆ ಎಂದು ನಾನು ವಾದ ಮಾಡಿದೆ. ಬಿಚ್ಚಿಕೊಳ್ಳುವುದಿಲ್ಲ, ಮಲಗಿದ್ದರೆ ಕರುಳೂ ಮಲಗುತ್ತದೆ ಎಂದರು. ಕೆಮ್ಮುವಾಗ ಹೊಟ್ಟೆಗೆ ದಿಂಬು ಅಮುಕಿಕೊಳ್ಳುವುದನ್ನು ಕಲಿಸಿದರು. ಡಾಕ್ಟರು ರೌಂಡ್ಸಿಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ, ಚೀಲದಲ್ಲಿ ಗಾಳಿ ಬಂತಾ? ಊಟಕ್ಕೆ ಅವಸರವಿಲ್ಲ, ಮೊದಲು ಗುಟುಕು ಗುಟುಕಾಗಿ ನೀರು, ಗಂಜಿ. ನಮ್ಮ ಯಜಮಾನರಿಗೆ ಇದು ತಕ್ಷಣ ಅರ್ಥವಾಯಿತು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕುವುದಿಲ್ಲ, ಎಲ್ಲವೂ ಎದ್ದ ಮೇಲೆ ಎಳೆಯ ಸೊಪ್ಪಿಂದ ಶುರು ಮಾಡುತ್ತೇವೆ. "ನೀನು ಜ್ವರಕ್ಕೆ ಕೂತಿದ್ದೀಯೆ ಕಣಮ್ಮಿ. ಒಸಿ ತಡಿ, ಏಳ್ತೀಯೆ" ಅಂದರು. ನನಗೆ ನಗು ಬಂತು, ನಕ್ಕರೆ ಹೊಟ್ಟೆ ನೋಯುತ್ತಿತ್ತು, ಆದ್ದರಿಂದ ಬೈದೆ.

ಚೀಲ ಬದಲಿಸುವುದನ್ನು ಕಲಿಸಲು ಆ ಲಾಡಿಯ ಸಿಸ್ಟರೇ ಬಂದರು. ಮೊದಲ ಸಲ ನಾನು ಗೋಡೆಯ ಕಡೆ ಮುಖ ಮಾಡಿಕೊಂಡೆ. ಎರಡನೆಯ ಸಲ ನೋಡಿದೆ. ಹೊಟ್ಟೆಯ ಮೇಲೆ ಕೆಂಪಗೆ, ತೇವವಾಗಿ, ಮಗುವಿನ ತುಟಿಯ ಬಣ್ಣದ ಒಂದು ತುಣುಕು. ಕೆಂಪಗಿದ್ದರೆ ಒಳ್ಳೆಯದು, ಕಪ್ಪಾದರೆ ಹೇಳಬೇಕು. ಮುಟ್ಟಿದರೆ ನೋಯುವುದಿಲ್ಲ. ಸುತ್ತಲಿನ ಚರ್ಮವನ್ನು ಬರೀ ನೀರಲ್ಲಿ ಒರೆಸಿ, ಒಣಗಿಸಿ, ಅಳತೆಗೆ ತೂತು ಕತ್ತರಿಸಿದ ಚೀಲ ಅಂಟಿಸಬೇಕು. ಮುಕ್ಕಾಲು ತುಂಬುವವರೆಗೆ ಬಿಡದೆ ಖಾಲಿ ಮಾಡಬೇಕು. ಸರಿಯಾಗಿ ಅಂಟಿಸಿದರೆ ವಾಸನೆ ಬರುವುದಿಲ್ಲ ಎಂದರು, ನಿಜವಾಗಿ ಬರುತ್ತಿರಲಿಲ್ಲ. ಬಂದದ್ದು ಅಂಬಲಿಯ ಹಾಗಿದ್ದರೆ ಸರಿ, ನೀರಾದರೆ ಅದೇ ದಿನ ಫೋನ್ ಮಾಡಿ ಎಂದು ಎರಡೆರಡು ಸಲ ಹೇಳಿ ಕಳಿಸಿದರು. ಗಡ್ಡೆಯ ವರದಿಯೂ ಅಷ್ಟರಲ್ಲಿ ಬಂತು. ಪೂರ್ತಿ ತೆಗೆದಾಗಿದೆ, ಕೀಮೋ ಬೇಕಿಲ್ಲ. ನಮ್ಮ ಯಜಮಾನರು ವಾರ್ಡಿನ ಹೊರಗೆ ಹೋಗಿ ಬಂದರು, ಬಂದಾಗ ಮುಖ ತೊಳೆದಿದ್ದರು.

ಊರಿಗೆ ಬಂದ ಮೇಲೆ ಹುಳದ ಮನೆಯ ಎದುರಿನ ಜಗುಲಿಯಲ್ಲಿ ನನಗೆ ಹಾಸಿಗೆ. ಭಾರ ಎತ್ತುವ ಹಾಗಿಲ್ಲ. ಒಳಗೆ ಬರಬೇಡ ಅಂತ ಯಾರೂ ಅನ್ನಲಿಲ್ಲ, ನಾನೇ ಹೋಗಲಿಲ್ಲ. ಹೊರಗೆ ಕೂತೇ ಅಧಿಕಾರ ಚಲಾಯಿಸಿದೆ. ಸೊಪ್ಪು ಹೆಚ್ಚುವ ಸದ್ದಿನಲ್ಲೇ ಅದು ಬಲಿತ ಸೊಪ್ಪೋ ಎಳೆಯದೋ ತಿಳಿಯುತ್ತಿತ್ತು. ಅತ್ತೆ ಹುಳ ಮೇಯುವ ತಟ್ಟೆಯಿಂದ ಹಿಕ್ಕೆಯನ್ನು, ಅಂದರೆ ಹುಳದ ಮಲವನ್ನು, ಅಂಗೈಯಲ್ಲಿ ತಂದು ತೋರಿಸುತ್ತಿದ್ದರು. ಹುಳದ ಆರೋಗ್ಯ ಗೊತ್ತಾಗುವುದೇ ಹಿಕ್ಕೆಯಲ್ಲಿ. ಒಣಗಿ ಕಾಳಿನ ಹಾಗೆ ಉದುರಿದರೆ ಬೆಳೆ ಚೆನ್ನಾಗಿದೆ, ಮೆತ್ತಗೆ ನೀರಾಡಿದರೆ ರೋಗ ಬರುತ್ತಿದೆ. ಅತ್ತ ಹಿಕ್ಕೆ ನೋಡಿ ಇತ್ತ ನನ್ನ ಚೀಲವನ್ನೂ ಅದೇ ಕಣ್ಣಲ್ಲಿ ನೋಡಿ ಹೋಗುತ್ತಿದ್ದರು. ಹೇಸಿಗೆ ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಇದ್ದದ್ದು ಹುಳದ ವಿದ್ಯೆ, ಅದೇ ಎಡವಟ್ಟಾಯಿತು.

ಮಳೆ ಹಿಡಿದ ವಾರ. ಒದ್ದೆ ಸೊಪ್ಪಿನಿಂದ ಹುಳದ ಹಿಕ್ಕೆ ಮೆತ್ತಗಾಯಿತು, ನನ್ನ ಚೀಲವೂ ನೀರಾಯಿತು. ಹುಳಕ್ಕೆ ಮಾಡುವುದು ನಮಗೆ ಗೊತ್ತು. ಸೊಪ್ಪು ನೆರಳಲ್ಲಿ ಆರಿಸಿ ಕೊಡುವುದು, ಮೇವು ಕಡಿಮೆ ಮಾಡುವುದು, ತಟ್ಟೆಗೆ ಸುಣ್ಣದ ಪುಡಿ ಉದುರಿಸುವುದು. ಮೂವರೂ ಜಗುಲಿಯಲ್ಲಿ ಕೂತು ನನ್ನ ವಿಷಯ ಮಾತಾಡಿದೆವು.

"ಒದ್ದೆ ನಿಲ್ಲಿಸಿದ್ರೆ ಗಟ್ಟಿಯಾಯ್ತದೆ. ನೀರು, ಸಾರು, ಕಾಫಿ ಎಲ್ಲ ಒಸಿ ಕಮ್ಮಿ ಮಾಡಮ್ಮಿ" ಅಂದರು ಯಜಮಾನರು.

"ಒಣಗಿದ್ದು ಉಣ್ಣಲಿ. ನಾ ಇವತ್ತಿಂದ ಸಾರು ಮಾಡಕಿಲ್ಲ" ಅಂದರು ಅತ್ತೆ.

ಡಾಕ್ಟರಿಗೆ ಫೋನ್ ಮಾಡಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ಗೊತ್ತಿರುವ ವಿಷಯಕ್ಕೆ ಯಾರಾದರೂ ಫೋನ್ ಮಾಡುತ್ತಾರೆಯೇ? ನಾನೇ ಮುಂದೆ ನಿಂತು ನನಗೆ ಪಥ್ಯ ಮಾಡಿಕೊಂಡೆ. ಬಾಯಾರಿದರೆ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದೆ. ಚೀಲಕ್ಕೆ ಬೀಳುವುದು ನಿಜವಾಗಿಯೂ ಕಡಿಮೆಯಾಯಿತು, ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿ ಹಿಗ್ಗಿದೆವು. ಆಮೇಲೆ ಮೀನಖಂಡ ಹಿಡಿದುಕೊಳ್ಳಲು ಶುರುವಾಯಿತು. ಎದ್ದರೆ ತಲೆ ಸುತ್ತು, ಮೂತ್ರ ಚೂರೇ ಚೂರು, ಅದೂ ಕಡು ಹಳದಿ. ಒಂದು ಬೆಳಿಗ್ಗೆ ಜಗುಲಿಯ ಕಂಬ ಹಿಡಿದು ನಿಂತವಳು ಹಾಗೇ ಕುಸಿದೆ.

ಮತ್ತೆ ಬೆಂಗಳೂರು, ಮತ್ತೆ ಅದೇ ವಾರ್ಡು. ಡ್ರಿಪ್ಪಿನ ಮೇಲೆ ಡ್ರಿಪ್ಪು. ರಕ್ತ ಪರೀಕ್ಷೆಯಲ್ಲಿ ಕಿಡ್ನಿಗೆ ಪೆಟ್ಟು ಬಿದ್ದಿದೆ ಅಂತ ಬಂತು. ಡಾಕ್ಟರು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಏನಾಯಿತು ಅಂತ ಕೇಳಿದರು. ನಾನು ಒದ್ದೆ ಸೊಪ್ಪಿನಿಂದ ಸುಣ್ಣದ ಪುಡಿಯವರೆಗೆ ಎಲ್ಲವನ್ನೂ ಹೇಳಿದೆ. ಅರ್ಧದಲ್ಲಿ ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ.

"ಹುಳ ನೀರು ಕುಡಿಯುತ್ತಾ?" ಎಂದರು.

"ಇಲ್ಲ. ಸೊಪ್ಪಲ್ಲಿರೋದೇ ಅದಕ್ಕೆ ನೀರು."

"ನೀವು ಹುಳ ಅಲ್ಲ. ಊಟದಲ್ಲಿ ಉಳಿದ ನೀರನ್ನೂ ಉಪ್ಪನ್ನೂ ಹೀರಿಕೊಳ್ಳೋದು ದೊಡ್ಡ ಕರುಳು. ಈಗ ಅಲ್ಲಿಗೆ ಏನೂ ತಲುಪ್ತಾ ಇಲ್ಲ. ಚೀಲ ನೀರಾಯ್ತು ಅಂದ್ರೆ ನಿಮ್ಮ ಮೈಯಿಂದ ನೀರು, ಉಪ್ಪು ಎರಡೂ ಹರಿದುಹೋಗ್ತಿದೆ ಅಂತ. ಆಗ ಬರೀ ನೀರೂ ಸಾಲದು, ಉಪ್ಪು ಸಕ್ಕರೆ ಇರೋ ಓಆರ್‌ಎಸ್ ಕುಡೀಬೇಕು, ನಮಗೆ ಫೋನ್ ಮಾಡಬೇಕು. ನೀವು ಉಲ್ಟಾ ಮಾಡಿದ್ದೀರ."

"ಹಾಗಾದ್ರೆ ಮುಚ್ಚೋದು?"

"ಈಗಲ್ಲ. ಕಿಡ್ನಿ ಸರಿಯಾಗದೆ ನಾನು ಆ ಮಾತೇ ಎತ್ತಲ್ಲ."

ಅವರು ಹೋದ ಮೇಲೆ ನಮ್ಮ ಅತ್ತೆ ಒಳಗೆ ಬಂದರು. ಬಸ್ಸಿನಲ್ಲಿ ಹೊರಟರೆ ವಾಂತಿ ಮಾಡಿಕೊಳ್ಳುವ ಹೆಂಗಸು, ಅಷ್ಟು ದೂರ ಬಂದಿದ್ದರು. ನನ್ನ ಕಾಲ ಹತ್ತಿರ ಕೂತು ಮೀನಖಂಡ ಒತ್ತುತ್ತ, "ಹುಳಾನ ನೋಡ್ದಂಗೆ ನಿನ್ನ ನೋಡ್ಬುಟ್ಟೆ ಕಣವ್ವ" ಅಂದರು. ನನಗೆ ಅತ್ತೆಯ ಮೇಲೆ ಸಿಟ್ಟಿರಲಿಲ್ಲ. ಹುಳವನ್ನು ಅವರು ನೋಡಿಕೊಳ್ಳುವಷ್ಟು ಆಸ್ಥೆಯಿಂದ ಜಗತ್ತಿನಲ್ಲಿ ಯಾರೂ ಯಾರನ್ನೂ ನೋಡಿಕೊಳ್ಳುವುದಿಲ್ಲ. ಹಾಗಂತ ಹೇಳಿದೆ ಕೂಡ. ಅವರಿಗೆ ಸಮಾಧಾನವಾಗಲಿಲ್ಲ, ಊರಿಗೆ ಹೋದ ಮೇಲೆ ಅದರ ಪರಿಣಾಮ ನಾನು ಅನುಭವಿಸಬೇಕಾಯಿತು. ಓಆರ್‌ಎಸ್ ಲೋಟ ಹಿಡಿದು ಬಂದು ಎದುರಿಗೇ ನಿಲ್ಲುತ್ತಿದ್ದರು, ಖಾಲಿಯಾಗುವವರೆಗೆ ಕದಲುತ್ತಿರಲಿಲ್ಲ. ಉಪ್ಪು ಹಾಕಿದ ಅನ್ನದ ಗಂಜಿ, ಬಾಳೆಹಣ್ಣು. ಸೊಪ್ಪು ನಾರು ಬೇಡ ಅಂತ ಡಾಕ್ಟರು ಹೇಳಿದ್ದಕ್ಕೆ, ನನಗೆ ಆಸೆಯಾಗುತ್ತದೆ ಎಂದು ಮನೆಯಲ್ಲಿ ಬಸ್ಸಾರನ್ನೇ ನಿಲ್ಲಿಸಿಬಿಟ್ಟರು. ಚೀಲ ಒಂಚೂರು ತೆಳ್ಳಗಾದರೂ ಯಜಮಾನರು ತೋಟದಿಂದಲೇ ಆಸ್ಪತ್ರೆಗೆ ಫೋನ್ ಮಾಡುತ್ತಿದ್ದರು. ಆ ಸಿಸ್ಟರಿಗೆ ನಮ್ಮ ಫೋನೆಂದರೆ ಸಾಕಾಗಿತ್ತೇನೋ, ತೋರಿಸಿಕೊಳ್ಳಲಿಲ್ಲ.

ಕಿಡ್ನಿ ಸರಿಹೋಯಿತು. ಹಿಂಬದಿಯಿಂದ ಬಣ್ಣದ ಔಷಧಿ ಬಿಟ್ಟು ಎಕ್ಸರೇ ತೆಗೆದು, ಜೋಡಿಸಿದ ಜಾಗ ಎಲ್ಲೂ ಸೋರುತ್ತಿಲ್ಲ ಅಂತ ಖಚಿತ ಮಾಡಿಕೊಂಡರು. ಮುಚ್ಚುವ ಆಪರೇಷನ್ ಮೊದಲಿನದಕ್ಕಿಂತ ಹಗುರ. ಎಚ್ಚರವಾದೊಡನೆ ಹೊಟ್ಟೆಯ ಬಲಗಡೆ ತಡವಿದೆ, ಚೀಲವಿರಲಿಲ್ಲ, ದಪ್ಪ ಪಟ್ಟಿ ಇತ್ತು. ಒಂದೆರಡು ದಿನ ಕಳೆದು ಹಳೆಯ ದಾರಿಯಲ್ಲಿ ಗಾಳಿ ಹೋಯಿತು. ನಾನು ಅದನ್ನು ಡಾಕ್ಟರಿಗೆ ಹೇಳಿದ ಧಾಟಿ ಕೇಳಿದ್ದರೆ, ಮೊಮ್ಮಗ ಹುಟ್ಟಿದ ಸುದ್ದಿ ಅಂದುಕೊಳ್ಳಬೇಕು.

ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಡಾಕ್ಟರು ಮೊದಲೇ ಎಚ್ಚರಿಸಿದ್ದರು, ಖುಷಿಯಲ್ಲಿ ನನ್ನ ಕಿವಿಗೆ ಬಿದ್ದಿರಲಿಲ್ಲ. ಗುದನಾಳದ ಬಹುಭಾಗ ಹೋಗಿರುವುದರಿಂದ ಮಲ ತಡೆದಿಟ್ಟುಕೊಳ್ಳಲು ಒಳಗೆ ಜಾಗ ಕಡಿಮೆ. ಬಂತು ಅಂದರೆ ಬಂತು, ಓಡಬೇಕು. ಹೋಗಿ ಬಂದು ಕೂತರೆ ಮತ್ತೆ ಬಂತು. ಊರಿಗೆ ಬಂದ ಕೆಲವು ದಿನಕ್ಕೇ, ಗಾಯ ಒಣಗಿದ್ದೇ ತಡ, ಬ್ಲೀಚಿಂಗ್ ನೀರಲ್ಲಿ ಕಾಲು ಅದ್ದಿ ಹುಳದ ಮನೆಯೊಳಗೆ ಕಾಲಿಟ್ಟೆ. ಎಷ್ಟು ತಿಂಗಳ ಮೇಲೆ ಆ ವಾಸನೆ, ಹುಳ ಸೊಪ್ಪು ಮೇಯುವ ಆ ಸದ್ದು. ಒಂದು ತಟ್ಟೆಗೆ ಸೊಪ್ಪು ಹಾಕುವಷ್ಟರಲ್ಲಿ ಹೊರಗೆ ಓಡಬೇಕಾಯಿತು. ವಾಪಸು ಬಂದು ಕೈ ತೊಳೆದು, ಕಾಲು ಅದ್ದಿ, ಒಳಗೆ ಹೋದೆ. ಮತ್ತೆ ಓಡಿದೆ. ಕಟ್ಟಳೆ ಕಟ್ಟಳೆಯೇ, ಹೋದಷ್ಟು ಸಲವೂ ಅದ್ದಬೇಕು. ಬ್ಲೀಚಿಂಗ್ ನೀರಿಗೆ ನನ್ನ ಪಾದದ ಚರ್ಮ ಬಿರಿದು ಹೋಯಿತು. ಒಂದು ಮಧ್ಯಾಹ್ನ ಆ ನೀರಿನ ತೊಟ್ಟಿಯ ಪಕ್ಕದಲ್ಲೇ ಕೂತು ಜೋರಾಗಿ ಅತ್ತುಬಿಟ್ಟೆ. "ಆ ಚೀಲಾನೇ ವಾಸಿಯಿತ್ತು ಕಣ್ರೀ, ಅದನ್ನೇ ಹಾಕಿಸಿಕೊಡಿ" ಅಂತ ಯಜಮಾನರ ಮೇಲೆ ಕೂಗಾಡಿದೆ.

ಹುಳದ ಮನೆಯ ಬಾಗಿಲಿಗೆ ಹತ್ತಿರವಾಗಿ, ಹಿತ್ತಿಲಲ್ಲಿ, ಅವರು ಮೇಸ್ತ್ರಿ ಕರೆಸಿ ಒಂದು ಕಕ್ಕಸು ಕಟ್ಟಿಸಿದರು. ನಾನು ಫೋನ್ ಮಾಡಿ ಡಾಕ್ಟರ ಮೇಲೂ ಕೂಗಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, ಇದು ಕಡಿಮೆಯಾಗುತ್ತದೆ, ಆದರೆ ತಿಂಗಳುಗಳು ಬೇಕು ಎಂದರು. ಕರುಳಿನ ವೇಗ ತಗ್ಗಿಸುವ ಮಾತ್ರೆ ಬರೆದುಕೊಟ್ಟರು, ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪ ಉಣ್ಣಿ ಎಂದರು, ಮಲ ತಡೆಯುವ ಸ್ನಾಯುವನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಹೇಳಿಕೊಟ್ಟರು. ಸೊಪ್ಪು ಹೆಚ್ಚುತ್ತ, ಹಾಲು ಕಾಯಿಸುತ್ತ, ಟಿವಿ ನೋಡುತ್ತ ಆ ವ್ಯಾಯಾಮ ಮಾಡಿದೆ. ನೋಡುವವರಿಗೆ ಗೊತ್ತಾಗುವುದಿಲ್ಲ, ಅದೊಂದು ಅನುಕೂಲ. ಒಂದು ಬೆಳೆ ಹೀಗೇ ಹೋಯಿತು. ಎರಡನೆಯ ಬೆಳೆಯ ಹೊತ್ತಿಗೆ ಎರಡು ಮೂರು ತಟ್ಟೆ ಮುಗಿಸುವಷ್ಟು ಬಿಡುವು ಸಿಗುತ್ತಿತ್ತು. ಕೆಲವು ದಿನ ಚೆನ್ನಾಗಿರುತ್ತಿತ್ತು, ಕೆಲವು ದಿನ ಮೊದಲಿನ ಹಾಗೇ. ಈಗಲೂ ಕೆಟ್ಟ ದಿನಗಳು ಬರುತ್ತವೆ, ಇಲ್ಲ ಅಂದರೆ ಸುಳ್ಳು.

ಅದಾದ ಮೇಲಿನ ಬೆಳೆ ಹಣ್ಣಾದ ದಿನ. ಮೇಯುವುದು ಮುಗಿಸಿದ ಹುಳ ಮೈ ತಿಳಿಯಾಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಅದನ್ನು ಆಯ್ದು, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡಬೇಕು, ತಡ ಮಾಡಿದರೆ ರೇಷ್ಮೆಯನ್ನು ತಟ್ಟೆಯಲ್ಲೇ ಚೆಲ್ಲಿಬಿಡುತ್ತದೆ. ಆ ದಿನ ನಮಗೆ ಮನೆ ತುಂಬ ಕೈಗಳಿದ್ದರೂ ಸಾಲದು. ಬೆಳಕು ಹರಿಯುವ ಮುಂಚೆ ಒಳಗೆ ಹೋಗಿ, ಅತ್ತೆ ಒಂದು ಕಡೆ, ನಾನೊಂದು ಕಡೆ ತಟ್ಟೆ ಹಿಡಿದು ಕೂತೆವು. ಯಜಮಾನರು ತುಂಬಿದ ಚಂದ್ರಿಕೆಗಳನ್ನು ಹೊರಗೆ ಸಾಲಾಗಿ ನಿಲ್ಲಿಸುತ್ತಿದ್ದರು. ಒಂದು ಹುಳವನ್ನೂ ನಲುಗಿಸದೆ ಎರಡು ಬೆರಳಲ್ಲಿ ಎತ್ತುವುದು, ಬಟ್ಟಲಿಗೆ ಹಾಕುವುದು, ಮತ್ತೆ ಎತ್ತುವುದು. ಹಣ್ಣಾಗದ ಹುಳ ಆಯ್ದರೆಂದು ಅತ್ತೆಯೊಡನೆ ಜಗಳವಾಡಿದೆ, ಅವರೂ ಬಿಡಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅತ್ತೆ ಸೊಂಟ ಹಿಡಿದುಕೊಂಡು ಎದ್ದು ನಿಂತರು.

"ಏಳವ್ವ. ಹೊತ್ತು ನೆತ್ತಿಗೆ ಬಂತು. ಹೊತ್ತಾರೆಯಿಂದ ಕುಂತಲ್ಲೇ ಕುಂತಿದ್ದೀಯೆ, ಒಸಿ ಎದ್ದು ಉಣ್ಣು" ಅಂದರು.

ತಾವು ಅಂದದ್ದೇನೆಂದು ಆಗ ಅವರಿಗೆ ಹೊಳೆಯಿತು, ನನಗೂ ಹೊಳೆಯಿತು. ಚಂದ್ರಿಕೆ ಎತ್ತಲು ಬಂದಿದ್ದ ಯಜಮಾನರು ಬಾಗಿಲಲ್ಲೇ ನಿಂತುಬಿಟ್ಟರು. ನಾನು ಬೆಳಿಗ್ಗೆಯಿಂದ ಎದ್ದೇ ಇರಲಿಲ್ಲ. ಏಳಬೇಕಾಗಿ ಬಂದೀತೆಂದು ಹೆದರಿಯೂ ಇರಲಿಲ್ಲ. ನನಗೊಂದು ಹೊಟ್ಟೆ ಇದೆ ಅನ್ನುವುದೇ ಮರೆತುಹೋಗಿತ್ತು. ಅತ್ತೆಯ ಕಣ್ಣು ತುಂಬಿತ್ತು, ನನ್ನ ಕಣ್ಣೂ ತುಂಬಿತ್ತು, ಒರೆಸಿಕೊಳ್ಳೋಣವೆಂದರೆ ಕೈಯಲ್ಲಿ ಹುಳ.

"ನೀವು ಉಣ್ಣೋಗಿ ಅತ್ತೆ" ಅಂದೆ. "ಇನ್ನೊಂದು ತಟ್ಟೆ ಐತೆ, ಮುಗಿಸ್ಕೊಂಡು ಏಳ್ತೀನಿ."